ಪೇಪರ್ ಹಾಕುವ ಮುನ್ನ: ಮನೆಯ ಕಷ್ಟಕ್ಕಾಗಿ ಸೇನೆ ಬಿಡಬೇಕಾಗಿ ಬಂದ ಕೊಡಗಿನ ಜವಾನರಿಗೆ

ಕಾಫಿ ಕೊಯ್ಲು ಮುಗಿಯುತ್ತಾ ಬಂದ ಹಾಗೆ, ರಜೆಯಲ್ಲಿ ಊರಿಗೆ ಬಂದ ಜವಾನರಲ್ಲಿ ಒಬ್ಬರಾದರೂ ನಮ್ಮ ಮನೆಯ ಜಗಲಿ ಹತ್ತುತ್ತಾರೆ. ಕೈಯಲ್ಲೊಂದು ಪ್ಲಾಸ್ಟಿಕ್ ಕವರ್, ಅದರ ತುಂಬ ಆಸ್ಪತ್ರೆಯ ಚೀಟಿಗಳು. ಲೋಟ ಕೆಳಗಿಡುವ ಮೊದಲೇ ಮಾತು ಹೊರಬರುತ್ತದೆ: "ಮಾವ, ಪೇಪರ್ ಹಾಕಿಬಿಡೋಣ ಎಂದಿದ್ದೇನೆ."

ನಾನು ಸೇನೆಯಲ್ಲಿ ಕ್ಲರ್ಕ್ ಆಗಿ 24 ವರ್ಷ ದುಡಿದು ಹವಾಲ್ದಾರನಾಗಿ ನಿವೃತ್ತನಾದವನು. ಪೇಪರ್ ಎಂದರೆ ಅವಧಿಗೆ ಮುನ್ನ ಬಿಡುಗಡೆ ಕೋರುವ ಅರ್ಜಿ. ಅಂಥವನ್ನು ಟೈಪ್ ಮಾಡಿದ್ದೇನೆ, ಮೇಲಕ್ಕೆ ಕಳುಹಿಸಿದ್ದೇನೆ, ತಿರಸ್ಕಾರವಾಗಿ ಮರಳಿದ್ದನ್ನು ಜವಾನರ ಕೈಗೆ ಕೊಟ್ಟಿದ್ದೇನೆ. ಆ ಕ್ಷಣದಲ್ಲಿ ಅವರ ಮುಖ ನೋಡಲು ಆಗುತ್ತಿರಲಿಲ್ಲ. ಇನ್ನೂ ಹೆಚ್ಚು ನೋವು ಕೊಟ್ಟದ್ದು ಬೇರೆ. ಮಂಜೂರಾತಿ ಸಿಕ್ಕಿ ಸಂತೋಷದಿಂದ ಮನೆಗೆ ಹೋಗಿ, ಎರಡು ವರ್ಷದ ಬಳಿಕ "ಪಿಂಚಣಿ ಏಕೆ ಬರಲಿಲ್ಲ" ಎಂದು ಪತ್ರ ಬರೆದವರು. ಅವರಿಗೆ ಯಾರೂ ಮೊದಲೇ ಹೇಳಿರಲಿಲ್ಲ. ಈ ಲೇಖನ ಅಂಥವರಿಗಾಗಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಹುಟ್ಟಿದ ಜಿಲ್ಲೆ ನಮ್ಮದು. ಇಲ್ಲಿ "ಅವನು ಮಿಲಿಟರಿ ಬಿಟ್ಟು ಬಂದವನು" ಎಂಬ ಮಾತಿಗೆ ಮುಳ್ಳಿದೆ. ಮದುವೆ ಮನೆಯಲ್ಲಿ, ಪುತ್ತರಿಯ ದಿನ ಊರು ಸೇರುವ ಮಂದ್‌ನಲ್ಲಿ, ಯಾರೋ ಒಬ್ಬರು ಕೇಳಿಯೇ ಕೇಳುತ್ತಾರೆ. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳಲು ನಿಯಮದ ಪ್ರಕಾರ ಅನುಮತಿ ಪಡೆದು ಬಂದವನಿಗೂ, ಹೇಳದೆ ಕೇಳದೆ ಓಡಿಬಂದವನಿಗೂ ಅಜಗಜಾಂತರವಿದೆ. ಸೇನೆಯ ನಿಯಮಗಳೇ ಮೊದಲನೆಯವನಿಗೆ ದಾರಿ ಇಟ್ಟಿವೆ. ಆ ದಾರಿಯಲ್ಲಿ ನಡೆದವನು ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ.

ಕಷ್ಟಕ್ಕೆ ಎಷ್ಟು ಆಯುಸ್ಸು?

ಪೇಪರ್ ಹಾಕುತ್ತೇನೆ ಎಂದು ಬಂದವರಿಗೆ ನಾನು ಕೇಳುವ ಮೊದಲ ಪ್ರಶ್ನೆ ಇದು. ಮನೆಗೆ ನೀವು ಬೇಕಾಗಿರುವುದು ಆರು ತಿಂಗಳಿಗೋ, ಎರಡು ವರ್ಷಕ್ಕೋ, ಬದುಕಿಡೀಯೋ?

ಸುಂಟಿಕೊಪ್ಪದ ಕಡೆಯ ನಾಯಕ್ ಶ್ರೇಣಿಯ ಒಬ್ಬ ಜವಾನ ಬಂದಿದ್ದ. ಡಿಸೆಂಬರ್‌ನಲ್ಲಿ ತಂದೆಗೆ ಪಾರ್ಶ್ವವಾಯು ಬಡಿದಿತ್ತು. ಒಬ್ಬನೇ ಮಗ. ನಾಲ್ಕು ಎಕರೆ ರೋಬಸ್ಟಾ, ಅದರ ನೆರಳಿನ ಮರಗಳಿಗೆ ಹಬ್ಬಿದ ಮೆಣಸು, ಕೆಲಸಕ್ಕೆ ಆಳು ಸಿಗದ ಕಾಲ. ಅವನ ಸೇವೆ 13 ವರ್ಷ 7 ತಿಂಗಳು. "ಇವತ್ತೇ ಬರೆದುಕೊಡಿ" ಎಂದ. ನಾನು ಬರೆಯಲಿಲ್ಲ. ತಂದೆಯ ಆಸ್ಪತ್ರೆ ಕಾಗದಗಳನ್ನು ಒಂದೊಂದಾಗಿ ಬಿಡಿಸಿ ಜಗಲಿಯ ಮೇಲೆ ಹಾಸಿದೆವು. ಬಲಗೈ ಸ್ವಾಧೀನವಿಲ್ಲ, ಮಾತು ತೊದಲುತ್ತದೆ, ಫಿಸಿಯೋಥೆರಪಿ ಮುಂದುವರಿಸಬೇಕು, ಮೂರು ತಿಂಗಳ ಬಳಿಕ ಮತ್ತೆ ತೋರಿಸಬೇಕು ಎಂದು ವೈದ್ಯರು ಬರೆದಿದ್ದರು. ಚೇತರಿಕೆಯ ಬಾಗಿಲು ಇನ್ನೂ ತೆರೆದಿತ್ತು. ಇಂಥ ಕಷ್ಟಕ್ಕೆ ಬೇಕಾದದ್ದು ಕಾಲಾವಕಾಶ. ಅದಕ್ಕೆ ಇಡೀ ಸೇವೆಯನ್ನು ತೆರಬೇಕಾಗಿಲ್ಲ.

ಕಾಲಾವಕಾಶಕ್ಕೆ ಸೇನೆಯಲ್ಲಿ ದಾರಿಗಳಿವೆ. ಜವಾನರಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುಯಲ್ ರಜೆ ಇದೆ ಎಂಬುದು ಎಲ್ಲರಿಗೂ ಗೊತ್ತು. ಅನುಕಂಪದ ಆಧಾರದ ಮೇಲೆ ಊರಿನ ಹತ್ತಿರಕ್ಕೆ ಪೋಸ್ಟಿಂಗ್ ಕೇಳಬಹುದು ಎಂಬುದನ್ನು ಬಹಳ ಮಂದಿ ಪ್ರಯತ್ನಿಸಿಯೇ ನೋಡುವುದಿಲ್ಲ. ಬೆಂಗಳೂರಿನಲ್ಲಿ ಮದ್ರಾಸ್ ಸ್ಯಾಪರ್ಸ್‌ನಿಂದ ಹಿಡಿದು ಹಲವು ತರಬೇತಿ ಕೇಂದ್ರಗಳಿವೆ. ಮಡಿಕೇರಿಯಲ್ಲೇ ಎನ್‌ಸಿಸಿ ಬೆಟಾಲಿಯನ್ ಇದೆ, ಅಲ್ಲಿ ಹುಡುಗರಿಗೆ ಡ್ರಿಲ್ ಕಲಿಸುವುದು ಸೇನೆಯಿಂದ ಬಂದವರೇ. ಕೇಳಿದ ಜಾಗವೇ ಸಿಗುತ್ತದೆ ಎಂದು ನಾನು ಹೇಳುವುದಿಲ್ಲ. ನಿಮ್ಮ ಟ್ರೇಡ್ (ಸೇನೆಯಲ್ಲಿ ಮಾಡುವ ಕೆಲಸದ ಬಗೆ), ಶ್ರೇಣಿ, ಖಾಲಿ ಹುದ್ದೆ ಎಲ್ಲವೂ ಕೂಡಿಬರಬೇಕು. ಆದರೆ ಮೊದಲು ಪೋಸ್ಟಿಂಗ್ ಕೇಳಿ, ಅದು ಸಿಗದೆ ಹೋದ ಮೇಲೆ ಬಿಡುಗಡೆ ಕೇಳಿದವನ ಅರ್ಜಿಗೆ ತೂಕ ಹೆಚ್ಚು. ಬೇರೆಲ್ಲ ದಾರಿ ನೋಡಿಯೇ ಇವನು ಇಲ್ಲಿಗೆ ಬಂದಿದ್ದಾನೆ ಎಂಬುದು ಕಡತದಲ್ಲೇ ಕಾಣುತ್ತದೆ.

ಜಮೀನಿನ ತಕರಾರಿಗಾಗಿ ಸೇನೆ ಬಿಡಲು ಹೊರಟವರೂ ಇದ್ದಾರೆ. ಅವರನ್ನು ನಾನು ಎರಡೂ ಕೈ ಅಡ್ಡ ಹಿಡಿದು ತಡೆಯುತ್ತೇನೆ. 1925ರ ಭಾರತೀಯ ಸೈನಿಕರ ವ್ಯಾಜ್ಯ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ವಿಶೇಷ ಪರಿಸ್ಥಿತಿಯಲ್ಲಿ ಸೇವೆ ಸಲ್ಲಿಸುತ್ತಿರುವ ಸೈನಿಕನು ಹಾಜರಾಗಲು ಆಗದಿದ್ದಾಗ ಸಿವಿಲ್ ಮತ್ತು ಕಂದಾಯ ನ್ಯಾಯಾಲಯಗಳ ವಿಚಾರಣೆಯನ್ನು ಮುಂದೂಡಲು ಅದು ಅವಕಾಶ ಕೊಡುತ್ತದೆ. ನಿಮ್ಮ ಕಮಾಂಡಿಂಗ್ ಅಧಿಕಾರಿ ಜಿಲ್ಲಾಧಿಕಾರಿಗೆ ನೇರವಾಗಿ ಪತ್ರ ಬರೆಯಬಹುದು, ಬರೆಯುತ್ತಾರೆ ಕೂಡ. ಬೇಲಿ ಸರಿಸಿದ ನೆರೆಯವನ ಮೇಲಿನ ಕೋಪಕ್ಕೆ ಪಿಂಚಣಿಯನ್ನು ಬಲಿ ಕೊಡಬೇಡಿ.

ಇನ್ನೊಂದು ಬಗೆಯ ಕಷ್ಟವಿದೆ. ಅದಕ್ಕೆ ಕಾಯುವುದು ಪರಿಹಾರವಲ್ಲ. ನನ್ನ ಪಲ್ಟನ್ನಿನಲ್ಲಿದ್ದ ಒಬ್ಬ ಸಿಪಾಯಿಯ ಹೆಂಡತಿ ಹೆರಿಗೆಯ ಬಳಿಕ ತೀರಿಕೊಂಡಳು. ಹಸುಗೂಸು ಒಂದು, ಮೂರು ವರ್ಷದ ಮಗಳು ಇನ್ನೊಂದು. ಅಜ್ಜಿಯರು ಇಬ್ಬರೂ ಇಲ್ಲ. ಅವನು ಸೇನೆ ಸೇರಿ ಆಗಿದ್ದದ್ದು ಇನ್ನೂ 9 ವರ್ಷ. ಅವನಿಗೆ ನಾನು "ಪಿಂಚಣಿಯವರೆಗೆ ಕಾಯಿ" ಎನ್ನಲಿಲ್ಲ. ಆ ಸಂಜೆಯೇ ಅರ್ಜಿ ಟೈಪ್ ಮಾಡಿದೆ. ಮಕ್ಕಳ ಆ ವರ್ಷಗಳನ್ನು ಸೇವಾ ದಾಖಲೆ ಇಡುವ ಯಾವ ರೆಕಾರ್ಡ್ ಆಫೀಸೂ ಮರಳಿ ಕೊಡಲಾರದು.

ಸೇವೆಯನ್ನು ದಿನದ ಲೆಕ್ಕದಲ್ಲಿ ಎಣಿಸಿ

ಎರಡನೆಯ ಹೆಜ್ಜೆ ಲೆಕ್ಕ. ಬಾಯಿಲೆಕ್ಕ ಬೇಡ. ನಿಮ್ಮ ಅರ್ಹ ಸೇವೆ, ಅಂದರೆ ಪಿಂಚಣಿಯ ಲೆಕ್ಕಕ್ಕೆ ಬರುವ ಸೇವೆ, ಎಷ್ಟು ಎಂದು ರೆಕಾರ್ಡ್ ಆಫೀಸಿನಿಂದ ಬರಹದಲ್ಲಿ ತರಿಸಿಕೊಳ್ಳಿ. ಭರ್ತಿಯಾದ ದಿನದಿಂದ ಇವತ್ತಿನವರೆಗೆ ಎಣಿಸಿದ್ದೆಲ್ಲ ಅರ್ಹ ಸೇವೆ ಆಗುವುದಿಲ್ಲ. ರಜೆ ಮುಗಿದ ಮೇಲೆ ತಡವಾಗಿ ಹೋದ ದಿನಗಳು, ಶಿಕ್ಷೆಯ ದಿನಗಳು ಕಳೆದುಹೋಗಿರಬಹುದು. ಎಂದೋ ಹನ್ನೊಂದು ದಿನ ತಡಮಾಡಿದ್ದು ನೀವು ಮರೆತಿರುತ್ತೀರಿ, ಕಡತ ಮರೆತಿರುವುದಿಲ್ಲ.

ಈಗ ಗೆರೆ ಎಲ್ಲಿದೆ ನೋಡಿ. ಜವಾನರಿಗೆ ಮತ್ತು ಜೆಸಿಒಗಳಿಗೆ (ಸುಬೇದಾರರಂಥ ಕಿರಿಯ ಕಮಿಷನ್ಡ್ ಅಧಿಕಾರಿಗಳಿಗೆ) ಸೇವಾ ಪಿಂಚಣಿಗೆ ಕನಿಷ್ಠ 15 ವರ್ಷಗಳ ಅರ್ಹ ಸೇವೆ ಬೇಕು. ಅಧಿಕಾರಿಗಳಿಗೆ 20 ವರ್ಷ. ಅವರ ಅರ್ಜಿಯ ದಾರಿಯೇ ಬೇರೆಯಾದ್ದರಿಂದ ಇಲ್ಲಿ ಬಿಡುತ್ತೇನೆ. 15 ವರ್ಷದ ಅರ್ಹ ಸೇವೆ ತುಂಬದೆ ಸ್ವಂತ ಕೋರಿಕೆಯ ಮೇಲೆ ಹೊರಬಂದರೆ ತಿಂಗಳ ಪಿಂಚಣಿ ಇಲ್ಲ. ಒಂದೇ ಸಲದ ಗ್ರಾಚ್ಯುಟಿ, ಪ್ರಾವಿಡೆಂಟ್ ಫಂಡ್‌ನಲ್ಲಿ ನೀವೇ ಕೂಡಿಟ್ಟ ಹಣ, ಗುಂಪು ವಿಮೆಯ ಉಳಿತಾಯದ ಭಾಗ, ಇಷ್ಟರಲ್ಲಿ ನಿಮಗೆ ಸಲ್ಲುವುದು ಎಷ್ಟು ಎಂದು ಅದೇ ಪತ್ರದಲ್ಲಿ ಕೇಳಿಬಿಡಿ.

ಕೊರತೆಯ ಮನ್ನಾ ಎಂಬ ಒಂದು ವ್ಯವಸ್ಥೆ ಇದೆ, ಅರ್ಹ ಸೇವೆಯಲ್ಲಿ 12 ತಿಂಗಳವರೆಗಿನ ಕೊರತೆಯನ್ನು ಮನ್ನಿಸಬಹುದು ಎಂದು ಯಾರಾದರೂ ನಿಮಗೆ ಹೇಳಬಹುದು. ಇದೆ, ನಿಜ. ಆದರೆ ಪಿಂಚಣಿ ನಿಯಮಾವಳಿ ಸ್ವಂತ ಕೋರಿಕೆಯ ಮೇಲೆ ಬಿಡುವವರನ್ನು ಅದರಿಂದ ಹೊರಗಿಟ್ಟಿದೆ. ಮೊಕದ್ದಮೆ ಹೂಡಿ ಪಡೆದವರಿದ್ದಾರೆ. ಆ ಭರವಸೆಯ ಮೇಲೆ ಅರ್ಜಿ ಹಾಕುವುದು ಮಾತ್ರ ಜೂನ್ ತಿಂಗಳಲ್ಲಿ ಕಾಫಿ ಒಣಗಲು ಹಾಕಿದಂತೆ.

ಪಿಂಚಣಿಗಿಂತ ದೊಡ್ಡ ಹೊಡೆತ ಇನ್ನೊಂದಿದೆ, ಅದನ್ನು ಯಾರೂ ಎಣಿಸುವುದಿಲ್ಲ. ಸ್ವಂತ ಕೋರಿಕೆಯ ಮೇಲೆ ಸೇನೆ ಬಿಟ್ಟವನು ಪಿಂಚಣಿ ಗಳಿಸಿಕೊಂಡು ಬಿಟ್ಟಿದ್ದರೆ ಮಾತ್ರ ಸರ್ಕಾರದ ವ್ಯಾಖ್ಯೆಯಲ್ಲಿ ಮಾಜಿ ಸೈನಿಕ. ಇಲ್ಲವಾದರೆ 14 ವರ್ಷ ಸಿಯಾಚಿನ್‌ನಲ್ಲೇ ನಿಂತಿದ್ದರೂ ಆ ಹೆಸರು ಕಾಗದದ ಮೇಲೆ ಸಿಗುವುದಿಲ್ಲ. ಸರ್ಕಾರಿ ಕೆಲಸದಲ್ಲಿ ಮಾಜಿ ಸೈನಿಕರ ಮೀಸಲಾತಿ ಇಲ್ಲ. ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಕಾರ್ಡ್ ಇಲ್ಲ, ಏಕೆಂದರೆ ಅದು ಪಿಂಚಣಿದಾರರಿಗೆ. ಒಮ್ಮೆ ಯೋಚಿಸಿ: ತಾಯಿಯ ಚಿಕಿತ್ಸೆಗೆಂದು ಸೇನೆ ಬಿಡುತ್ತೀರಿ, ಬಿಟ್ಟ ಮರುದಿನ ಅದೇ ತಾಯಿಗೆ ಸೇನಾ ಆಸ್ಪತ್ರೆಯ ಬಾಗಿಲು ಮುಚ್ಚುತ್ತದೆ. ಮಡಿಕೇರಿಯ ಇಸಿಎಚ್‌ಎಸ್ ಪಾಲಿಕ್ಲಿನಿಕ್‌ನ ಬಾಗಿಲು ತೆರೆಯುವುದೂ ಇಲ್ಲ. ಮೈಸೂರಿನ ಖಾಸಗಿ ಆಸ್ಪತ್ರೆಯ ಬಿಲ್ಲು ನಿಮ್ಮ ಕಿಸೆಯಿಂದಲೇ ಹೋಗಬೇಕು. ಆ ಸುಂಟಿಕೊಪ್ಪದ ನಾಯಕ್ ಮೌನವಾಗಿ ಕುಳಿತದ್ದು ಈ ಮಾತು ಕೇಳಿದ ಮೇಲೆ.

15 ವರ್ಷ ದಾಟಿದವರಿಗೂ ಒಂದು ಎಚ್ಚರಿಕೆ. 2015ರ ನವೆಂಬರ್ 7ರ ಆದೇಶದ ಪ್ರಕಾರ, ಅಂದಿನಿಂದ ಮುಂದೆ ಸ್ವಂತ ಕೋರಿಕೆಯ ಮೇಲೆ ಬಿಡುವವರಿಗೆ ಒಂದು ಶ್ರೇಣಿ ಒಂದು ಪಿಂಚಣಿ ಯೋಜನೆಯ ಲಾಭವಿಲ್ಲ. ಪಿಂಚಣಿ ಬರುತ್ತದೆ. ಆದರೆ ಜೊತೆಯವರ ಪಿಂಚಣಿ ಆ ಯೋಜನೆಯಡಿ ಪರಿಷ್ಕರಣೆಗೊಂಡು ಏರಿದಾಗ ನಿಮ್ಮದು ಏರದೆ ಉಳಿಯಬಹುದು. ಇದರ ಮೇಲೆ ಮೊಕದ್ದಮೆಗಳು ನಡೆದಿವೆ. ಆದ್ದರಿಂದ ಅರ್ಜಿ ಹಾಕುವ ದಿನ ನಿಮ್ಮ ವಿಷಯದಲ್ಲಿ ಯಾವ ನಿಯಮ ಅನ್ವಯವಾಗುತ್ತದೆ ಎಂದು ರೆಕಾರ್ಡ್ ಆಫೀಸನ್ನೇ ಕೇಳಿ, ಉತ್ತರವನ್ನು ಬರಹದಲ್ಲಿ ಇಟ್ಟುಕೊಳ್ಳಿ.

ಕಾಗದಗಳು, ಮತ್ತು ನಮ್ಮ ಜಿಲ್ಲೆಯ ತೊಡಕುಗಳು

ಲೆಕ್ಕ ಹಾಕಿದ ಮೇಲೂ ಬಿಡಲೇಬೇಕು ಎನಿಸಿದರೆ ಕಾಗದ ಕೂಡಿಸಲು ಹೊರಡಿ. ಮಳೆಗಾಲಕ್ಕೆ ಮುಂಚೆ ಹೊರಡಿ. ಜುಲೈ, ಆಗಸ್ಟ್‌ನಲ್ಲಿ ಕರೆಂಟ್ ಇರುವುದಿಲ್ಲ, ನಾಡಕಚೇರಿಯ ಸರ್ವರ್ ಇರುವುದಿಲ್ಲ, ಕೆಲವೊಮ್ಮೆ ರಸ್ತೆಯೂ ಇರುವುದಿಲ್ಲ.

ಅನಾರೋಗ್ಯದ ಕಾರಣವಾದರೆ ಆಸ್ಪತ್ರೆಯ ಬಿಡುಗಡೆ ಸಾರಾಂಶ, ಜೊತೆಗೆ ಸರ್ಕಾರಿ ಆಸ್ಪತ್ರೆಯ ತಜ್ಞರ ಅಭಿಪ್ರಾಯ ಬೇಕು. ಖಾಸಗಿ ವೈದ್ಯರ ಚೀಟಿ ಒಂದೇ ಇದ್ದರೆ ಪಲ್ಟನ್ನಿನಲ್ಲಿ ಪ್ರಶ್ನೆ ಏಳುತ್ತದೆ. ಮಡಿಕೇರಿಯ ವೈದ್ಯಕೀಯ ಕಾಲೇಜಿನ ಬೋಧಕ ಆಸ್ಪತ್ರೆಯಲ್ಲಿ ತೋರಿಸಿ ಬರೆಸಿಕೊಳ್ಳಿ. ಆ ಅಭಿಪ್ರಾಯದಲ್ಲಿ ಎರಡು ವಿಷಯ ಸ್ಪಷ್ಟವಾಗಿರಲಿ: ಕಾಯಿಲೆ ಎಷ್ಟು ಕಾಲದ್ದು, ರೋಗಿಗೆ ಯಾವಾಗಲೂ ಇನ್ನೊಬ್ಬರ ನೆರವು ಬೇಕೋ ಇಲ್ಲವೋ. ಸಾವಾಗಿದ್ದರೆ ಮರಣ ಪ್ರಮಾಣಪತ್ರ. ಮನೆ ಹೋಗಿದ್ದರೆ ತಹಶೀಲ್ದಾರರ ವರದಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡ ಜರಿದಾಗ ಮನೆಯ ಜೊತೆ ಕಾಗದವೂ ಮಣ್ಣುಪಾಲಾಯಿತು. ಅಂಥವರು ಮೊದಲು ನಕಲು ಪ್ರತಿಗಳಿಗೆ ಅರ್ಜಿ ಕೊಡಬೇಕು.

ವಂಶವೃಕ್ಷ ಮತ್ತು ಪಹಣಿಯ ವಿಷಯದಲ್ಲಿ ಕೊಡಗಿನವರು ಮಾತ್ರ ಎದುರಿಸುವ ತೊಡಕು ಇದೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದೇ ಕಾರಣಕ್ಕೆ ಒಳ್ಳೆಯ ಅರ್ಜಿಗಳು ಮರಳಿದ್ದನ್ನು ನೋಡಿದ್ದೇನೆ.

ಜಮ್ಮಾ ಆಸ್ತಿ ಎಂದರೆ ಒಕ್ಕಕ್ಕೆ, ಅಂದರೆ ಒಂದೇ ಮೂಲದ ಕುಟುಂಬಗಳ ಬಳಗಕ್ಕೆ, ವಂಶಪಾರಂಪರ್ಯವಾಗಿ ಸೇರಿದ ಜಮೀನು. ಅದರ ಪಹಣಿಯಲ್ಲಿ ಒಕ್ಕದ ಹಿರಿಯರಾದ ಪಟ್ಟೇದಾರರ ಹೆಸರಿರುತ್ತದೆ. ನಿಮ್ಮ ತಂದೆ ಐವತ್ತು ವರ್ಷ ಕೃಷಿ ಮಾಡಿದ್ದರೂ ಅವರ ಹೆಸರು ಅಲ್ಲಿ ಇಲ್ಲದಿರಬಹುದು. ದೂರದ ರಾಜ್ಯದ ಅಧಿಕಾರಿ ಅದನ್ನು ನೋಡಿ "ನಿಮಗೆ ಜಮೀನೇ ಇಲ್ಲ, ಯಾವುದನ್ನು ನೋಡಿಕೊಳ್ಳಲು ಹೋಗುತ್ತೀರಿ" ಎಂದು ಕೇಳುತ್ತಾರೆ. ಅವರ ತಪ್ಪಲ್ಲ, ನಮ್ಮ ಒಕ್ಕದ ಪದ್ಧತಿ ಅವರಿಗೆ ತಿಳಿಯುವ ಬಗೆ ಇಲ್ಲ. ಇದಕ್ಕೆ ತದ್ವಿರುದ್ಧವಾದ ತೊಂದರೆ ವಂಶವೃಕ್ಷದ್ದು. ಅಭಿಮಾನದಿಂದ ಇಡೀ ಒಕ್ಕದ ವಂಶವೃಕ್ಷ ತಂದು ಲಗತ್ತಿಸುತ್ತೀರಿ. ಅದರಲ್ಲಿ ದೊಡ್ಡಪ್ಪ, ಚಿಕ್ಕಪ್ಪ, ಅವರ ಮಕ್ಕಳು ಸೇರಿ ನಲವತ್ತು ಹೆಸರು. ಅಧಿಕಾರಿ ಪೆನ್ಸಿಲ್ ಹಿಡಿದು ಗಂಡಸರ ಹೆಸರಿನ ಪಕ್ಕ ಚುಕ್ಕಿ ಇಡುತ್ತಾರೆ. "ಇಷ್ಟು ಜನ ಇದ್ದಾರಲ್ಲ, ಇವನೇ ಏಕೆ ಹೋಗಬೇಕು?" ಎಂದು ಅಂಚಿನಲ್ಲಿ ಬರೆಯುತ್ತಾರೆ. ಆ ಚುಕ್ಕಿಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆದ್ದರಿಂದ ನಿಮ್ಮ ತಂದೆಯಿಂದ ಕೆಳಗಿನ ಕುಟುಂಬದ ವಂಶವೃಕ್ಷವನ್ನು ಪ್ರತ್ಯೇಕವಾಗಿ ಮಾಡಿಸಿ. ಐನ್‌ಮನೆ (ಒಕ್ಕದ ಮೂಲಮನೆ) ಒಂದೇ ಆದರೂ ಒಲೆ ಬೇರೆ, ವಾಸ ಬೇರೆ ಎಂಬುದನ್ನು ಪಡಿತರ ಚೀಟಿ ತೋರಿಸುತ್ತದೆ, ಅದನ್ನೂ ಇಡಿ. ಪಹಣಿಯ ಜೊತೆ ಜಮ್ಮಾ ಪದ್ಧತಿಯನ್ನು ಐದಾರು ಸಾಲಿನಲ್ಲಿ ವಿವರಿಸಿ, ನಿಮ್ಮ ಕುಟುಂಬ ಎಷ್ಟು ಎಕರೆ ಕೃಷಿ ಮಾಡುತ್ತಿದೆ ಎಂದು ಗ್ರಾಮ ಆಡಳಿತ ಅಧಿಕಾರಿಯಿಂದ ದೃಢೀಕರಣ ಪಡೆಯಿರಿ. ಅಕ್ಕ ಮದುವೆಯಾಗಿ ಬೇರೆ ಊರಲ್ಲಿದ್ದರೆ, ಅಣ್ಣ ಗಲ್ಫ್‌ನಲ್ಲಿದ್ದರೆ, ಅದನ್ನು ಮುಚ್ಚಿಡಬೇಡಿ. ಅಣ್ಣ ಏಕೆ ಬರಲಾರ ಎಂಬುದನ್ನೂ ಹೇಳಿ. ಮುಚ್ಚಿಟ್ಟದ್ದು ವಿಚಾರಣೆಯಲ್ಲಿ ಹೊರಬಂದರೆ ಉಳಿದ ಸತ್ಯವೂ ಸುಳ್ಳಾಗುತ್ತದೆ.

ವಿಚಾರಣೆ ಎಂದೆನಲ್ಲ, ಅದು ನಡೆಯುವುದು ಮಡಿಕೇರಿಯಲ್ಲಿರುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯ ಮೂಲಕ. ಪಲ್ಟನ್ನಿನಿಂದ ಪತ್ರ ಬಂದಾಗ ಅವರು ಮನೆಯ ಪರಿಸ್ಥಿತಿ ಪರಿಶೀಲಿಸಿ ವರದಿ ಕಳುಹಿಸುತ್ತಾರೆ. ಪತ್ರ ಬರುವವರೆಗೆ ಕಾಯದೆ ರಜೆಯಲ್ಲಿ ಬಂದಾಗಲೇ ಒಮ್ಮೆ ಅಲ್ಲಿಗೆ ಹೋಗಿ, ಕಾಗದಗಳ ಒಂದು ಸೆಟ್ ಕೊಟ್ಟು, ವಿಷಯ ತಿಳಿಸಿ ಬನ್ನಿ. ನೀವು ಮರಳಿ ಹೋದ ಮೇಲೆ ಹೆಂಡತಿಯೋ ತಾಯಿಯೋ ಅಲ್ಲಿಗೆ ಹೋಗಬೇಕಾದಾಗ ಅವರಿಗೆ ದಾರಿ ಗೊತ್ತಿರಲಿ.

ಅರ್ಜಿಯಲ್ಲಿ ಏನಿರಬೇಕು

ಅರ್ಜಿ ಹೋಗುವುದು ಹಿಂದಿ ಅಥವಾ ಇಂಗ್ಲಿಷಿನಲ್ಲಿ. ಆದರೆ ಮೊದಲು ಕನ್ನಡದಲ್ಲಿ ಬರೆದುಕೊಳ್ಳಿ. ನಮ್ಮ ಭಾಷೆಯಲ್ಲಿ ಬರೆಯುವಾಗ ತಾರೀಕು, ಹೆಸರು, ಕ್ರಮ ತಾನಾಗಿ ನೆನಪಾಗುತ್ತವೆ. ಪರಭಾಷೆಯಲ್ಲಿ ಬರೆಯಲು ಕುಳಿತರೆ ಯಾರದೋ ಹಳೆಯ ಅರ್ಜಿಯ ಸಾಲುಗಳೇ ಬಂದು ಕೂರುತ್ತವೆ. ಒಬ್ಬ ಲ್ಯಾನ್ಸ್ ನಾಯಕ್ ತಂದಿದ್ದ ಕರಡಿನಲ್ಲಿ ಹೀಗಿತ್ತು:

"ನನ್ನ ಮನೆಯಲ್ಲಿ ತುಂಬಾ ತೊಂದರೆಗಳಿವೆ. ತಾಯಿಗೆ ಹುಷಾರಿಲ್ಲ. ನೋಡಿಕೊಳ್ಳಲು ಯಾರೂ ಇಲ್ಲ. ದಯವಿಟ್ಟು ನನ್ನನ್ನು ಬಿಡುಗಡೆ ಮಾಡಬೇಕೆಂದು ಕೈಮುಗಿದು ಬೇಡುತ್ತೇನೆ."

ಪ್ರತಿ ಸಾಲೂ ನಿಜ. ಆದರೆ ಇದೇ ನಾಲ್ಕು ಸಾಲು ಆ ಕಮಾಂಡಿಂಗ್ ಅಧಿಕಾರಿ ವರ್ಷದಲ್ಲಿ ಎಷ್ಟೋ ಸಲ ಓದಿರುತ್ತಾರೆ. ನಾವಿಬ್ಬರೂ ಕೂತು ಅದನ್ನು ಹೀಗೆ ತಿದ್ದಿದೆವು:

"ನನ್ನ ತಾಯಿಗೆ 68 ವರ್ಷ. ಎರಡೂ ಮೂತ್ರಪಿಂಡ ವಿಫಲವಾಗಿದ್ದು ಕಳೆದ ಮಾರ್ಚ್‌ನಿಂದ ವಾರಕ್ಕೆ ಎರಡು ಬಾರಿ ಡಯಾಲಿಸಿಸ್ ಆಗುತ್ತಿದೆ. ಮನೆಯಿಂದ ಆಸ್ಪತ್ರೆಗೆ 38 ಕಿಲೋಮೀಟರ್. ತಂದೆ ತೀರಿಕೊಂಡಿದ್ದಾರೆ. ಒಬ್ಬಳೇ ತಂಗಿ ಮದುವೆಯಾಗಿ ಹಾಸನದಲ್ಲಿದ್ದಾಳೆ, ಅವಳಿಗೆ ಎಂಟು ತಿಂಗಳ ಮಗು ಇದೆ. ಇದುವರೆಗೆ ನೆರೆಮನೆಯವರು ಜೀಪಿನಲ್ಲಿ ಕರೆದೊಯ್ಯುತ್ತಿದ್ದರು, ಈಗ ಅವರು ಊರು ಬಿಟ್ಟಿದ್ದಾರೆ. ಕಳೆದ ವರ್ಷ ಅನುಕಂಪದ ಪೋಸ್ಟಿಂಗ್ ಕೇಳಿದ್ದೆ, ಖಾಲಿ ಹುದ್ದೆ ಇಲ್ಲವೆಂದು ಉತ್ತರ ಬಂದಿದೆ. ಪ್ರತಿ ಲಗತ್ತಿಸಿದ್ದೇನೆ."

ಇದರಲ್ಲಿ ಕೈಮುಗಿಯುವ ಮಾತೇ ಇಲ್ಲ. ಆದರೆ ಓದಿದವರಿಗೆ ವಾರದಲ್ಲಿ ಎರಡು ದಿನ 38 ಕಿಲೋಮೀಟರ್ ಹೋಗಬೇಕಾದ ಆ ಮುದುಕಿ ಕಾಣುತ್ತಾರೆ. ಕೊನೆಯಲ್ಲಿ ಎರಡು ಮಾತು ತಪ್ಪದೆ ಸೇರಿಸಿ. ಬಿಡುಗಡೆಯನ್ನು ಸ್ವಂತ ಇಚ್ಛೆಯಿಂದ ಕೇಳುತ್ತಿದ್ದೀರಿ ಎಂಬುದು ಒಂದು. ಅದರಿಂದ ಕಳೆದುಕೊಳ್ಳುವ ಸೌಲಭ್ಯಗಳ ಅರಿವು ನಿಮಗಿದೆ ಎಂಬುದು ಇನ್ನೊಂದು. ಹೆಂಡತಿಗೆ ಇದನ್ನೆಲ್ಲ ಓದಿ ಹೇಳಿ, ಅವಳ ಒಪ್ಪಿಗೆ ಪಡೆದ ಮೇಲೆ ಸಹಿ ಮಾಡಿ. ಕಳೆದುಕೊಳ್ಳುವುದರಲ್ಲಿ ಅವಳ ಪಾಲೂ ಇದೆ.

ಅರ್ಜಿ ನಡೆಯುವ ದಾರಿ

1954ರ ಸೇನಾ ನಿಯಮಗಳ 13ನೇ ನಿಯಮದಲ್ಲಿ ಬಿಡುಗಡೆಯ ಬಗೆಗಳ ಪಟ್ಟಿ ಇದೆ. ಭರ್ತಿಯ ಷರತ್ತು ಪೂರೈಸುವ ಮೊದಲು ಸ್ವಂತ ಕೋರಿಕೆಯ ಮೇಲೆ ಬಿಡುವುದು ಅದರಲ್ಲೊಂದು. ಜವಾನರ ವಿಷಯದಲ್ಲಿ ಅಧಿಕಾರ ಕಮಾಂಡಿಂಗ್ ಅಧಿಕಾರಿಗೆ. ಅರ್ಜಿ ಮಂಜೂರು ಮಾಡುವುದು ಯುಕ್ತವೆಂದು ಅವರಿಗೆ ಮನವರಿಕೆಯಾಗಬೇಕು, ಅದರಿಂದ ಪಲ್ಟನ್ನಿನ ಬಲ ಅತಿಯಾಗಿ ಕುಗ್ಗಬಾರದು ಎಂದು ನಿಯಮವೇ ಹೇಳುತ್ತದೆ. ಅಂದರೆ ಬಿಡುಗಡೆ ನಿಮ್ಮ ಹಕ್ಕಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನಡೆಯಿರಿ.

ಮೊದಲು ಪ್ಲಟೂನ್‌ನ ಜೆಸಿಒ, ಆಮೇಲೆ ಕಂಪನಿ ಕಮಾಂಡರ್, ಸುಬೇದಾರ್ ಮೇಜರ್ ಸಾಹೇಬರು, ಕೊನೆಗೆ ಕಮಾಂಡಿಂಗ್ ಅಧಿಕಾರಿಯ ಮುಂದೆ ಇಂಟರ್‌ವ್ಯೂ. ಯಾರನ್ನೂ ದಾಟಿ ಹೋಗಬೇಡಿ. ಇಂಟರ್‌ವ್ಯೂನಲ್ಲಿ ಖಂಡಿತ ಕೇಳುವ ಪ್ರಶ್ನೆ: "ಬಿಟ್ಟ ಮೇಲೆ ಹೇಗೆ ಬದುಕುತ್ತೀಯ?" ಇದನ್ನು ಕೇಳುವುದು ಹೆಚ್ಚಿನ ಸಲ ನಿಜವಾದ ಕಳಕಳಿಯಿಂದಲೇ. ತೋಟದಿಂದ ವರ್ಷಕ್ಕೆ ಎಷ್ಟು ಬರುತ್ತದೆ, ಸಾಲ ಎಷ್ಟಿದೆ, ಮಕ್ಕಳ ಶಾಲೆಯ ಖರ್ಚು ಎಷ್ಟು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಉತ್ತರ ಬಾರದೆ ತಡವರಿಸಿದವರಿಗೆ "ಇನ್ನೊಂದು ತಿಂಗಳು ಯೋಚಿಸಿ ಬಾ" ಎಂದು ಕಳುಹಿಸುವುದನ್ನು ನೋಡಿದ್ದೇನೆ, ಅದು ತಪ್ಪೆಂದು ನನಗೆ ಅನಿಸಿಲ್ಲ.

ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲಿ ಕೇಳಿ. ಹೆಚ್ಚಿನ ಸಲ ಕೊರತೆ ಇರುವುದು ಯಾವುದಾದರೂ ಕಾಗದದಲ್ಲಿ. ಅದನ್ನು ತುಂಬಿ ಮತ್ತೆ ಹಾಕಬಹುದು. ಅನ್ಯಾಯವಾಗಿದೆ ಎಂದು ದೃಢವಾಗಿ ಅನಿಸಿದರೆ 1950ರ ಸೇನಾ ಕಾಯ್ದೆಯ 26ನೇ ಸೆಕ್ಷನ್ ಅಡಿ ಮೇಲಧಿಕಾರಿಗೆ ದೂರು ಕೊಡುವ ಅವಕಾಶವಿದೆ. ಅಲ್ಲೂ ಆಗದಿದ್ದರೆ 2007ರ ಕಾಯ್ದೆಯಡಿ ರಚನೆಯಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ಸೇನೆಯೊಳಗಿನ ಮೆಟ್ಟಿಲುಗಳನ್ನು ಹತ್ತದೆ ನೇರವಾಗಿ ಅಲ್ಲಿಗೆ ಹೋದರೆ ಸಾಮಾನ್ಯವಾಗಿ ಅರ್ಜಿ ಸ್ವೀಕರಿಸುವುದಿಲ್ಲ.

ರಜೆಯಿಂದ ಮರಳದೆ ಉಳಿಯಬೇಡಿ

ಇದನ್ನು ಬರೆಯುವಾಗ ನನಗೆ ಎಷ್ಟೋ ಮುಖಗಳು ನೆನಪಾಗುತ್ತವೆ. ಅರ್ಜಿ ತಡವಾಗುತ್ತದೆ, ಮನೆಯಲ್ಲಿ ಅಳುವ ತಾಯಿ, ರಜೆ ಮುಗಿದ ದಿನ ಬಸ್ಸು ಹತ್ತಲು ಕಾಲು ಏಳುವುದಿಲ್ಲ. ಒಂದು ವಾರ ತಡವಾಗಲಿ ಎಂದು ಉಳಿಯುತ್ತಾರೆ, ಆಮೇಲೆ ಭಯದಿಂದ ಹೋಗುವುದೇ ಇಲ್ಲ. ಸಕಾರಣವಿಲ್ಲದೆ ರಜೆ ಮೀರಿ ಉಳಿಯುವುದು ಸೇನಾ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಅಪರಾಧ, ಮೂರು ವರ್ಷದವರೆಗೆ ಸೆರೆವಾಸ ಆಗಬಹುದು. 30 ದಿನ ದಾಟಿದರೆ 106ನೇ ಸೆಕ್ಷನ್ ಅಡಿ ವಿಚಾರಣಾ ಮಂಡಳಿ ಕೂರುತ್ತದೆ, ಪಲಾಯನದ ಆರೋಪ ಬೆನ್ನಿಗೆ ಬೀಳುತ್ತದೆ. ಅನುಕಂಪದ ಅರ್ಜಿಗೆ ಅಲ್ಲಿಂದ ಮುಂದೆ ಬೆಲೆ ಇರುವುದಿಲ್ಲ.

ರಜೆ ಮುಗಿಯುವ ಮುನ್ನವೇ, ಮುಗಿದ ಮೇಲೆ ಅಲ್ಲ, ವಿಸ್ತರಣೆ ಕೇಳಿ. ಫೋನ್ ಮಾಡಿ, ಜೊತೆಗೆ ಬರಹದಲ್ಲೂ ಕಳುಹಿಸಿ. ಯಾರ ಜೊತೆ ಎಷ್ಟು ಗಂಟೆಗೆ ಮಾತನಾಡಿದಿರಿ ಎಂದು ಬರೆದಿಡಿ. ಈಗಾಗಲೇ ಉಳಿದುಬಿಟ್ಟಿದ್ದರೆ ಈ ಸಾಲು ಓದಿ ಮುಗಿಸಿದ ತಕ್ಷಣ ಪಲ್ಟನ್ನಿಗೆ ಫೋನ್ ಮಾಡಿ, ನಾಳೆಯ ಬಸ್ಸಿಗೆ ಹೊರಡಿ. ತಾನಾಗಿ ಬಂದವನನ್ನು ಸೇನೆ ಹಿಡಿದು ತಂದವನಂತೆ ಕಾಣುವುದಿಲ್ಲ.

ಟಿಎ ಜವಾನರು ಮತ್ತು ಅಗ್ನಿವೀರರು

ಪ್ರಾದೇಶಿಕ ಸೇನೆಯಲ್ಲಿ, ನಾವೆಲ್ಲ ಟಿಎ ಎನ್ನುವುದರಲ್ಲಿ, ಇರುವವರ ಲೆಕ್ಕ ಬೇರೆ. ಊರಲ್ಲಿ ತಮ್ಮ ಕೆಲಸ ಮಾಡಿಕೊಂಡಿದ್ದು ಕರೆದಾಗ ಹೋಗುವವರು ಅವರು. 1948ರ ಪ್ರಾದೇಶಿಕ ಸೇನಾ ಕಾಯ್ದೆಯ 8ನೇ ಸೆಕ್ಷನ್ ಅವಧಿಗೆ ಮುನ್ನ ಬಿಡುಗಡೆಗೆ ಅವಕಾಶ ಕೊಟ್ಟಿದೆ. ಆದರೆ ಸೇನಾ ಸೇವೆಗೆ ಕರೆಸಿಕೊಂಡಿರುವ ಹೊತ್ತಿನಲ್ಲಿ, ಆ ಸೇವೆ ಮುಗಿಯುವವರೆಗೆ ಬಿಡುಗಡೆಯನ್ನು ಹಕ್ಕಾಗಿ ಕೇಳುವಂತಿಲ್ಲ. 2025ರ ಮೇ 6ರ ಅಧಿಸೂಚನೆ ಟಿಎ ಪಡೆಯನ್ನು ಕರೆಸಿಕೊಳ್ಳುವ ಅಧಿಕಾರವನ್ನು ಸೇನಾ ಮುಖ್ಯಸ್ಥರಿಗೆ ಕೊಟ್ಟಾಗ ಹಲವರಿಗೆ ಈ ಷರತ್ತಿನ ಅರ್ಥ ಮನದಟ್ಟಾಯಿತು. ಹಾಗಾಗಿ ಮನೆಯಲ್ಲಿ ದೀರ್ಘಕಾಲದ ಕಷ್ಟವಿದ್ದರೆ ಕರೆ ಬರುವವರೆಗೆ ಕಾಯದೆ, ಊರಲ್ಲಿ ಇರುವಾಗಲೇ ಬೆಟಾಲಿಯನ್‌ಗೆ ಅರ್ಜಿ ಕಳುಹಿಸಿ.

ಕೆಲಸ ಹೋಗುತ್ತದೆ ಎಂಬ ಹೆದರಿಕೆಯಿಂದ ಟಿಎ ಬಿಡಲು ಹೊರಟವರು ಅದೇ ಕಾಯ್ದೆಯ 7ಎ ಸೆಕ್ಷನ್ ಓದಿಕೊಳ್ಳಬೇಕು. ಸೇವೆ ಮುಗಿಸಿ ಬಂದವರನ್ನು ಮತ್ತೆ ಕೆಲಸಕ್ಕೆ ಸೇರಿಸಿಕೊಳ್ಳುವುದು ಮಾಲೀಕರ ಹೊಣೆ ಎಂದು ಅದು ಹೇಳುತ್ತದೆ. ಟಿಎಯಲ್ಲಿ ಪಿಂಚಣಿಯ 15 ವರ್ಷ ಎಣಿಸುವುದು ಸೇವೆಗೆ ಕರೆಸಿಕೊಂಡಿದ್ದ ಕಾಲದಿಂದ ಮಾತ್ರ ಎಂಬುದನ್ನೂ ಮರೆಯಬೇಡಿ.

ಅಗ್ನಿವೀರರ ಸ್ಥಿತಿ ಬಿಗಿ. 2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆಯ ಷರತ್ತಿನಂತೆ ನಾಲ್ಕು ವರ್ಷ ಮುಗಿಯುವ ಮುನ್ನ ಸ್ವಂತ ಕೋರಿಕೆಯ ಮೇಲೆ ಬಿಡುವಂತಿಲ್ಲ, ಅತ್ಯಂತ ಅಪರೂಪದ ಪ್ರಕರಣದಲ್ಲಿ ಮಾತ್ರ ಅನುಮತಿ. ಅನುಮತಿ ಸಿಕ್ಕರೂ ಅವಧಿಯ ಕೊನೆಗೆ ಸಿಗುವ ಇಡಿಗಂಟಾದ ಸೇವಾನಿಧಿಯಲ್ಲಿ ನಿಮ್ಮ ಸಂಬಳದಿಂದ ಕಡಿತವಾದ ಶೇಕಡ 30ರ ಭಾಗ ಮತ್ತು ಅದರ ಬಡ್ಡಿ ಮಾತ್ರ ಸಿಗುತ್ತದೆ, ಸರ್ಕಾರ ಸೇರಿಸಿದ ಪಾಲು ಸಿಗುವುದಿಲ್ಲ. ನಾಲ್ಕರಲ್ಲಿ ಮೂರು ವರ್ಷ ಕಳೆದಿದ್ದರೆ ಹೇಗಾದರೂ ಉಳಿದದ್ದನ್ನು ದಾಟಿಸಲು ಮನೆಯವರೆಲ್ಲ ಸೇರಿ ಹೆಗಲು ಕೊಡಿ ಎಂದೇ ನಾನು ಹೇಳುತ್ತೇನೆ.

ಮಂಜೂರಾತಿ ಬಂದ ಮೇಲೆ

ಆದೇಶ ಕೈಗೆ ಬಂದ ದಿನದಿಂದ ಹೊರಬರುವ ದಿನದವರೆಗಿನ ವಾರಗಳಲ್ಲಿ ಎಲ್ಲರೂ ಅವಸರ ಮಾಡುತ್ತಾರೆ. ಬಿಡುಗಡೆಯ ವೈದ್ಯಕೀಯ ತಪಾಸಣೆಯಲ್ಲಿ "ಏನೂ ಇಲ್ಲ ಸಾಹೇಬ್" ಎಂದುಬಿಡುತ್ತಾರೆ. ಮೊಣಕಾಲು ನೋವು, ಕಿವಿ ಮಂದ, ಎತ್ತರದ ಪ್ರದೇಶದಲ್ಲಿ ಶುರುವಾದ ರಕ್ತದೊತ್ತಡ, ಇದ್ದದ್ದನ್ನು ಇದ್ದ ಹಾಗೆ ಹೇಳಿ ಬರೆಸಿ. ಸೇವೆಯಿಂದ ಬಂದ ಕಾಯಿಲೆ ಎಂದು ಮುಂದೆ ತೋರಿಸಲು ಉಳಿಯುವ ಮುಖ್ಯ ದಾಖಲೆ ಅದು. ಹೆಂಡತಿ ಮಕ್ಕಳ ಹೆಸರು, ಜನ್ಮದಿನಾಂಕ ಪಾರ್ಟ್ ಟು ಆರ್ಡರ್‌ನಲ್ಲಿ (ಕುಟುಂಬದ ವಿವರ ದಾಖಲಾಗುವ ಸೇನಾ ಆದೇಶದಲ್ಲಿ) ಸರಿಯಾಗಿ ಬಂದಿದೆಯೇ ನೋಡಿ. ಆಧಾರ್‌ನಲ್ಲಿ ಮನೆ ಹೆಸರು ಮುಂದೆ, ಸೇನೆಯ ದಾಖಲೆಯಲ್ಲಿ ಹಿಂದೆ ಇರುವುದು ನಮ್ಮವರಲ್ಲಿ ಸಾಮಾನ್ಯ. ಪಲ್ಟನ್ನಿನಲ್ಲಿ ಇರುವಾಗ ಹತ್ತು ನಿಮಿಷದ ಈ ತಿದ್ದುಪಡಿ, ಹೊರಬಂದ ಮೇಲೆ ಹತ್ತು ತಿಂಗಳ ಅಲೆದಾಟ. ಪಿಂಚಣಿ ಇರುವವರು ಅದನ್ನು ಪಾವತಿಸುವ ಆನ್‌ಲೈನ್ ವ್ಯವಸ್ಥೆಯಾದ ಸ್ಪರ್ಶ್‌ನ ಖಾತೆಯ ವಿವರ ಮತ್ತು ಬ್ಯಾಂಕ್ ಸಂಖ್ಯೆಯನ್ನು ಅಲ್ಲಿಯೇ ಖಚಿತಪಡಿಸಿಕೊಳ್ಳಿ. ಡಿಸ್ಚಾರ್ಜ್ ಬುಕ್ ಕೈಗೆ ಬಂದ ಕೂಡಲೇ ಪ್ರತಿ ಪುಟದ ಫೋಟೋ ತೆಗೆದು ಮನೆಗೆ ಕಳುಹಿಸಿ.

ಸುಂಟಿಕೊಪ್ಪದ ನಾಯಕ್ ಆ ಸಲ ಪೇಪರ್ ಹಾಕಲಿಲ್ಲ. ಅನುಕಂಪದ ಪೋಸ್ಟಿಂಗ್ ಕೇಳಿ ಐದು ತಿಂಗಳ ಬಳಿಕ ಬೆಂಗಳೂರಿಗೆ ಬಂದ. ಶನಿವಾರ ರಾತ್ರಿಯ ಬಸ್ಸಿಗೆ ಹೊರಟು ಭಾನುವಾರ ತಂದೆಗೆ ಸ್ನಾನ ಮಾಡಿಸಿ, ಕ್ಷೌರ ಮಾಡಿ, ರಾತ್ರಿಯ ಬಸ್ಸಿಗೆ ಮರಳುತ್ತಿದ್ದ. ತೋಟವನ್ನು ಎರಡು ಕೊಯ್ಲು ಭಾವನ ಕೈಗೆ ಬಿಟ್ಟ. 15 ವರ್ಷ 2 ತಿಂಗಳು ಆದಾಗ ಮತ್ತೆ ನಮ್ಮ ಜಗಲಿಗೆ ಬಂದ. ತಂದೆ ಕೋಲೂರಿ ನಡೆಯುತ್ತಿದ್ದರು, ಆದರೆ ತಾಯಿಗೆ ಈಗ ಕಣ್ಣು ಕಾಣುತ್ತಿರಲಿಲ್ಲ. ಈ ಸಲ ಅವನು ಬರೆದುಕೊಡಿ ಎನ್ನಲಿಲ್ಲ. ಕರಡನ್ನು ತಾನೇ ಬರೆದು ತಂದಿದ್ದ, ತಾರೀಕುಗಳೆಲ್ಲ ಸರಿಯಾಗಿದ್ದವು. ನಾನು ಒಂದು ಕಡೆ ಮಾತ್ರ ತಿದ್ದಿದೆ. ಭಾವನ ಹೆಸರು ಬಿಟ್ಟುಹೋಗಿತ್ತು, ಅವರು ಮುಂದಿನ ವರ್ಷದಿಂದ ಏಕೆ ತೋಟ ನೋಡಿಕೊಳ್ಳಲಾರರು ಎಂಬುದನ್ನು ಸೇರಿಸಿದೆ.